ಬೆಣೆ

ಕ್ಲಿಯೋಫಸ್ ಹೊತ್ತು ತಂದ ಪೆಟ್ಟಿಗೆಗೆ
ಹಿಡಿಕೆಯ ಜಾಗದಲ್ಲಿ ಕಾರಿನ ಸೀಟು ಬೆಲ್ಟು,
ಬಟ್ಟೆಯ ಮುಖದಲ್ಲಿ ಸಿಗರೇಟು ಸುಟ್ಟ ಮೂರು ತೂತು.
‘ಮಂಕು ಬಡಿದಿದೆ, ಇರ್ಮಾ.
ಕಂಬಳಿಯೊಳಗಿಂದ ಯಾರೋ ಮಾತಾಡಿದ ಹಾಗೆ.
ಭಾನುವಾರ ಚರ್ಚಿಗೆ ಬೇಕು. ಏನಾದರೂ ಮಾಡು.’

ಹೊರಗೆ ಗ್ಯಾರಿಯ ಗಾಳಿ, ಸರೋವರದಿಂದ ನೇರ,
ಅರ್ಧ ಆರಿದ ಉಕ್ಕಿನ ಕಾರ್ಖಾನೆ ದಾಟಿ ಬಂದು
ನನ್ನ ಶಟರಿನ ಸಂದಿಗೆ ಬಾಯಿಟ್ಟು ಊದುತ್ತಿತ್ತು.

ತಿರುಪು ಬಿಚ್ಚಿದೆ.
ಎಡಗೈ ಜೇಬಿನಲ್ಲಿ.
ಟೀವಿ ರಿಪೇರಿಯ ಚಿಕ್ಕಪ್ಪ ಕಲಿಸಿದ ಮೊದಲ ಪಾಠ ಇದು:
ಎರಡೂ ಕೈ ಒಳಗಿಟ್ಟರೆ
ಕರೆಂಟು ಎದೆಯ ದಾರಿ ಹಿಡಿಯುತ್ತದೆ.
ಪ್ಲಗ್ ಕಿತ್ತ ಮೇಲೂ ನಾನೂರು ವೋಲ್ಟು
ಕೆಪಾಸಿಟರಿನ ಹೊಟ್ಟೆಯಲ್ಲಿ
ಹಳೇ ದಾಯಾದಿ ಹಗೆ, ಕಾದು ಕೂತಿರುತ್ತದೆ.
ರೆಸಿಸ್ಟರ್ ತಾಗಿಸಿ
ಮೀಟರಿನ ಮುಳ್ಳು ಸೊನ್ನೆಗೆ ಒರಗುವ ತನಕ
ಕಾಫಿ ಕುಡಿದೆ.

ತಗಡಿನ ಒಳಮೈಗೆ ಹಳದಿ ಟೇಪಿನ ಚೂರು,
ಪೆನ್ಸಿಲಿನಲ್ಲಿ ಒಂದು ಹೆಸರು: ಕನ್ಸ್ವೇಲೋ.
ಅರುವತ್ತು ವರ್ಷದ ಹಿಂದೆ
ಪಶ್ಚಿಮದ ಯಾವುದೋ ಕಾರ್ಖಾನೆಯ ಸಾಲುಬೆಂಚಿನಲ್ಲಿ
ಈ ತಂತಿಗಳನ್ನು ಬೆಸೆದವಳು.
ಬಾಚಿ ಹೆಣೆದ ಜಡೆ; ಒಂದು ಎಳೆ ಹೊರಬಿದ್ದಿಲ್ಲ.
ಬೆಸುಗೆಯ ಒಂದೊಂದು ಹನಿಯೂ ಮೂಗುಬೊಟ್ಟು.

ಆದರೂ ನನ್ನ ಕೈ ಸುಮ್ಮನಿರಬೇಕಲ್ಲ!
ಒಣಗಿದ ಫಿಲ್ಟರುಗಳನ್ನು ಕಿತ್ತೆ, ಗುಂಯ್‌ಗುಡುವುದು ನಿಂತಿತು.
ಮೊದಲ ಟ್ಯೂಬಿನ ಕ್ಯಾಥೋಡಿನಿಂದ
ಇಪ್ಪತ್ತೈದು ಮೈಕ್ರೊಫ್ಯಾರಡ್ ತೆಗೆದು
ಒಂದಕ್ಕೂ ಕಡಿಮೆಯದನ್ನು ಕೂರಿಸಿದೆ,
ಮಂದ್ರದ ಬೊಜ್ಜು ಕರಗಿತು.
ಚೀನೀ ಹೋಟೆಲಿನ ಬಿದಿರುಕಡ್ಡಿಯಲ್ಲಿ
ತಂತಿ ತಂತಿ ತಟ್ಟಿ ಕೇಳಿದೆ, ಎಲ್ಲಿ ನೋವು, ಇಲ್ಲಿಯಾ?
ಸ್ವಿಚ್ಚು ಒತ್ತಿದರೆ ಟ್ಯೂಬುಗಳು
ಅವಸರವಿಲ್ಲದೆ ಕೆಂಪಾದವು.
ತಂತಿ ಮೀಟಿದೆ: ಗಾಜಿನ ಲೋಟಕ್ಕೆ ಬೆಳ್ಳಿ ಚಮಚ!

ಕ್ಲಿಯೋಫಸ್ ನುಡಿಸಿದ. ತಲೆ ಅಡ್ಡಡ್ಡ ಆಡಿಸಿದ.
‘ಕಂಬಳಿ ತೆಗೆದಿಲ್ಲ ನೀನು.’

ವಾಲ್ಯೂಮಿನ ಬೆನ್ನಿಗೆ ನೂರಿಪ್ಪತ್ತು ಪಿಕೊಫ್ಯಾರಡ್.
ನನ್ನ ಹಲ್ಲು ಜುಮ್ಮೆಂದಿತು,
ಎದುರಂಗಡಿಯ ನಾಯಿ ಎದ್ದು ಹೋಯಿತು.
‘ಇನ್ನೂ ಚೂರು,’ ಎಂದ.

ಪರೀಕ್ಷೆಗೆಂದು ಟೋನ್ ಜನರೇಟರ್ ಸಿಕ್ಕಿಸಿದೆ.
ನಾಲ್ಕು ಸಾವಿರಕ್ಕೆ ತಿರುಗಿಸಿದೆ.
ಕೋಣೆಯ ತುಂಬ ಸೂಜಿ.
ಅವನು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ
ಜೇಬಿಗಿಟ್ಟು ಕೇಳಿದ,
‘ಯಾವಾಗ ಶುರು ಮಾಡ್ತೀಯ?’

ರೋಲಿಂಗ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ.
ಹತ್ತಿ ತುರುಕಿಕೊಂಡವರನ್ನು ಹೆಣ್ಣಿಗರೆಂದು ನಗುತ್ತಿದ್ದ ಕಾಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಬರೆ ಎಳೆದ ಕಬ್ಬಿಣ
ನನ್ನ ಕೈಯಲ್ಲೇ ಹೊಗೆಯಾಡುತ್ತಿತ್ತು.

ಹೇಳಬಹುದಿತ್ತು.
‘ಚರ್ಚಿನಲ್ಲಿ ಎಲ್ಲಿ ಇಡ್ತೀಯ ಇದನ್ನ?’ ಎಂದೆ.
‘ನೆಲದ ಮೇಲೆ. ಕಾಲ ಹಿಂದೆ.’
‘ಹಾಗಾದರೆ ಇಷ್ಟು ವರ್ಷ
ಮೊಣಕಾಲಿಗೆ ನುಡಿಸಿದ್ದೀಯ, ಮಾರಾಯ.’

ನೂರಿಪ್ಪತ್ತನ್ನು ಬಿಡಿಸಿದೆ.
ಕನ್ಸ್ವೇಲೋಳ ತಂತಿಯನ್ನು ಮತ್ತೆ ಅಲ್ಲೇ ಬೆಸೆದೆ
(ನನ್ನ ಹನಿ ಅವಳದಕ್ಕಿಂತ ಮಂಕು).
ಹಳೆಯ ಬಾಗಿಲ ಚೌಕಟ್ಟಿನಿಂದ
ಒಂದು ಬೆಣೆ ಕೊಯ್ದು
ಪೆಟ್ಟಿಗೆಯ ಮುಂದಿನ ಅಂಚಿಗೆ ಕೊಟ್ಟೆ.
ಅದು ಮುಖ ಎತ್ತಿ
ಅವನ ಕಿವಿಯನ್ನೇ ನೋಡಿತು.

ಒಂದು ಸ್ವರ ನುಡಿಸಿದ. ನಿಲ್ಲಿಸಿದ.
ಅದನ್ನೇ ಮತ್ತೆ.
ಮತ್ತೆ.
‘ಟ್ಯೂಬು ಯಾವುದು ಹಾಕಿದೆ?’
‘ಹಳೇದೇ.’

ಬಿಲ್ಲಿನಲ್ಲಿ ಬೆಣೆಯನ್ನು ಬರೆಯಲಿಲ್ಲ.
ಸೀಟು ಬೆಲ್ಟು ಹಿಡಿದು ಪೆಟ್ಟಿಗೆ ಎತ್ತಿದ,
ಕಂಕುಳಲ್ಲಿ ಮರದ ತುಂಡು.
ಬಾಗಿಲ ಹತ್ತಿರ ತಟ್ಟನೆ ತಿರುಗಿ
ಅಂಗೈಯನ್ನು ಕಿವಿಯ ಹಿಂದೆ ಹಿಡಿದು
‘ಏನಂದೆ?’ ಎಂದ.

ನಾನು ಏನೂ ಅಂದಿರಲಿಲ್ಲ.